ಅಂಚು ಕಟ್ಟದ ಕೌದಿ

ಮತ್ತೆ ಅದೇ ಲ್ಯಾವೆಂಡರ್ ವಾಸನೆ, ಕೆಳಗಿನ ಕಕ್ಕಸಿನಿಂದ ಮೆಟ್ಟಿಲು ಹತ್ತಿಕೊಂಡು ಇಲ್ಲಿಯವರೆಗೂ ಬಂದಿದೆ, ಬಾಗಿಲು ಹಾಕಿದರೂ ಸಂದಿಯಲ್ಲಿ ನುಗ್ಗುತ್ತದೆ, ಟಾಯ್ಲೆಟ್ ಪೇಪರಿಗೆ ಯಾಕೆ ಬೇಕು ಹೂವಿನ ವಾಸನೆ, ಯಾರ ಮೂಗಿಗೆ ಹಿತವಾಗಲಿ ಅಂತ — ಅದೂ ಪುಕ್ಕಟೆ ಸಿಕ್ಕಿದ್ದು, ಪುಕ್ಕಟೆ ಅಂತ ಎಷ್ಟು ಖುಷಿ ಆ ಮನುಷ್ಯನಿಗೆ, ನಾನಿನ್ನೂ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಿಲ್ಲ, ಮಗಳ ಮನೆಯಿಂದ ತಂದ ಚೀಲ ಇನ್ನೂ ಕೈಯಲ್ಲೇ ಇದೆ, ಸುರುಳಿಗಳನ್ನೆಲ್ಲ ಎದೆಗೆ ಅವಚಿಕೊಂಡು ಬಂದು ನಿಂತರು, ನೋಡಮ್ಮಾ, ರದ್ದಿಗೆ ಬದಲು ಟಾಯ್ಲೆಟ್ ಪೇಪರ್ ಕೊಡೋ ಗಾಡಿಯವನು ಇಷ್ಟೊಂದು ಕೊಟ್ಟ, ಬೇರೆ ಮನೆಯವರಿಗೆಲ್ಲ ಒಂದೊಂದೇ, ನಮಗೆ ಮಾತ್ರ ಕೈತುಂಬ. ಅಮ್ಮ ಅಂತೆ. ಚಿಹಾರು ಹುಟ್ಟಿದ ದಿನದಿಂದ ನಾನು ಅಮ್ಮ, ಅವರು ಅಪ್ಪ, ಮಗಳ ಬಾಯಿಗೆ ಬರುವ ಮೊದಲೇ ನಮ್ಮಿಬ್ಬರ ಬಾಯಿಗೆ ಬಂದುಬಿಟ್ಟಿತು, ಈಗ ಆ ಮಗಳು ಓಕಾಯಾಮಾದಲ್ಲಿ ತನ್ನ ಮಗಳಿಂದ ಅಮ್ಮ ಅನ್ನಿಸಿಕೊಳ್ಳುತ್ತಿದ್ದಾಳೆ, ಫುಸಾಎ ಅಂತ ಒಬ್ಬಳು ಈ ಮನೆಯಲ್ಲಿದ್ದಾಳೆ ಅನ್ನುವುದು ಯಾರಿಗೂ ನೆನಪಿಲ್ಲ, ಇರಲಿ, ಅದಲ್ಲ ವಿಷಯ. ಏನು ಕೊಟ್ಟಿರಿ ಅವನಿಗೆ, ಇಷ್ಟು ಬರಬೇಕಾದರೆ ಏನು ಹಾಕಿದಿರಿ ಗಾಡಿಗೆ, ಅಂತ ಕೇಳುತ್ತಲೇ ಚೀಲ ಅಲ್ಲೇ ಬಿಟ್ಟು ಮೇಲೆ ಓಡಿದೆ, ಈ ವಯಸ್ಸಿನಲ್ಲಿ ಈ ಮಂಡಿ ಇಟ್ಟುಕೊಂಡು ಓಡಿದೆ, ಕಪಾಟು ಖಾಲಿ. ಹಲಗೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬೇರೆ ಇಟ್ಟಿದ್ದಾರೆ. ಮಗಳ ತೊಟ್ಟಿಲ ಕಾಲದಿಂದ ಸೇರಿಸಿದ ಕೌದಿ ಪತ್ರಿಕೆಗಳು, ಒಂದು ಸಂಚಿಕೆ ತಪ್ಪಿಲ್ಲ, ಪುಸ್ತಕಗಳು, ವಿಶೇಷಾಂಕಗಳು, ಎಲ್ಲ ಹೋಗಿ ಆ ಜಾಗದಲ್ಲಿ ಮರದ ಬಣ್ಣ ಬೇರೆಯೇ ಕಾಣುತ್ತಿದೆ, ಬಿಸಿಲು ಕಾಣದ ಮರ. ನಿಂಗೆ ಜಾಗ ಆಯ್ತಲ್ಲ ಅಂದರು ಹಿಂದಿನಿಂದ, ಟೀವಿಯಲ್ಲಿ ಹೇಳ್ತಿದ್ರು, ಹಳೇದು ಹೋದ್ರೆ ಮನಸ್ಸು ಹಗುರ ಆಗುತ್ತೆ ಅಂತ, ಓದಿ ಆಯ್ತಲ್ಲ ಅವನ್ನೆಲ್ಲ.

ಓದಿ ಆಯ್ತಲ್ಲ. ಉಪ್ಪಿನ ಡಬ್ಬ ಒಮ್ಮೆ ತೆರೆದಾಯ್ತಲ್ಲ ಅಂತ ಎಸೆಯುತ್ತಾರೆಯೇ, ಆ ಪುಸ್ತಕಗಳನ್ನು ಓದುವುದು ಎಲ್ಲಿಂದ ಬಂತು, ಅಮೆರಿಕದಿಂದ ಫ್ರಾನ್ಸಿನಿಂದ ಹೆಂಗಸರು ಬಂದು ಟೋಕಿಯೋದ ಹಳೆ ಪುಸ್ತಕದಂಗಡಿಗಳಲ್ಲಿ ಮಂಡಿಯೂರಿ ಅವೇ ಸಂಚಿಕೆಗಳನ್ನು ಹುಡುಕುತ್ತಾರಂತೆ, ನಮ್ಮ ಭಾಷೆಯ ಒಂದಕ್ಷರ ಬಾರದು, ಚಿತ್ರ ನೋಡಿಯೇ ಹೊಲಿಯುತ್ತಾರೆ, ಇವರು ಗಾಡಿಗೆ ಹಾಕಿ ಕಕ್ಕಸಿಗೆ ಕಾಗದ ತಂದರು. ಸಂಚಿಕೆ ಬರುವ ದಿನ ಪುಸ್ತಕದಂಗಡಿಯ ಯಜಮಾನ ನನ್ನದೊಂದು ಪ್ರತಿ ಕೆಳಗೆ ತೆಗೆದಿಟ್ಟಿರುತ್ತಿದ್ದ, ನಮ್ಮ ಮನೆತನದ ಹೆಸರು ಹಿಡಿದು ಓಚಿ ಅವರೇ, ಬಂತು ನೋಡಿ, ಇನ್ನೂ ಬಿಸಿ ಆರಿಲ್ಲ ಅನ್ನುತ್ತಿದ್ದ, ಟ್ರ್ಯಾಮಿನಲ್ಲಿ ತೆರೆಯಬಾರದು, ಮನೆಗೆ ಹೋಗಿ ಕೈ ತೊಳೆದು ತೆರೆಯಬೇಕು ಅಂದುಕೊಂಡು ಟ್ರ್ಯಾಮಿನಲ್ಲೇ ತೆರೆದು ನನ್ನ ನಿಲ್ದಾಣ ದಾಟಿಬಿಡುತ್ತಿದ್ದೆ, ಕೆಸರಿನ ಬಣ್ಣ, ಬೂದಿಯ ಬಣ್ಣ, ಚಹಾ ಚರಟದ ಬಣ್ಣ, ಒದ್ದೆ ಕಲ್ಲಿನ ಬಣ್ಣ, ಮೊದಲು ನೋಡಿದರೆ ಎಲ್ಲ ಮಾಸಲು, ನೋಡುತ್ತ ಕೂತರೆ ಒಂದೊಂದೂ ಬೇರೆಯಾಗಿ ಬಾಯಿ ಬಿಡುತ್ತದೆ, ನೂಲಿಗೇ ಬಣ್ಣ ಹಾಕಿ ಆಮೇಲೆ ನೇಯ್ದ ಬಟ್ಟೆ, ಒಳಗೂ ಹೊರಗೂ ಒಂದೇ, ಮುಟ್ಟಿದರೆ ಹಳೆಯ ದಿಂಬಿನ ಹಾಗೆ ಮೆತ್ತಗೆ, ನಾನು ಅಂಥ ಬಟ್ಟೆ ಕೊಂಡು ತಂದು ಮೂಸಿ ನೋಡುವಾಗ ಇವರು, ಇದೇನು ಧೂಳು ಒರೆಸೋ ಬಟ್ಟೆನಾ ಅಂದಿದ್ದರು, ನಗುತ್ತಾ, ಅವರ ಮಟ್ಟಿಗೆ ಅದು ತಮಾಷೆ. ಪತ್ರಿಕೆಯ ಕೊನೆಯಲ್ಲಿ ಮಡಿಸಿಟ್ಟ, ಬಟ್ಟೆ ಕತ್ತರಿಸುವ ನಮೂನೆಗಳ ಹಾಳೆ, ಬಿಡಿಸಿದರೆ ಊಟದ ಮೇಜು ಮುಚ್ಚುವಷ್ಟು ದೊಡ್ಡದು, ಎರಡೂ ಬದಿಗೆ ಕೆಂಪು ನೀಲಿ ಕಪ್ಪು ಗೆರೆಗಳು ಒಂದರ ಮೇಲೊಂದು ಹರಿದಾಡುತ್ತವೆ, ಬೆರಳಿಟ್ಟು ನನ್ನ ಗೆರೆ ಯಾವುದು ಅಂತ ಹಿಂಬಾಲಿಸಬೇಕು, ಚಿಹಾರುಗೆ ಜ್ವರ ಬಂದು ಮಡಿಲಲ್ಲಿ ಮಲಗಿದ್ದಾಗ ಒಂದು ಕೈಯಲ್ಲಿ ಹಣೆಯ ಬಟ್ಟೆ, ಇನ್ನೊಂದು ಕೈಯ ಬೆರಳು ಆ ಗೆರೆಯ ಮೇಲೆ, ಎಲ್ಲ ಗೆರೆಗಳೂ ಈಗ ಎಲ್ಲೋ ಕಾಗದದ ಯಂತ್ರದ ಬಾಯಲ್ಲಿ. ಹೋಗಲಿ. ಹೋಗಲಿ ಅಂದುಕೊಂಡು ನುಂಗುತ್ತಿದ್ದೆನೇನೋ, ಪತ್ರಿಕೆ ತಾನೇ, ನುಂಗಿ ಅಭ್ಯಾಸವಿದೆ — ಆದರೆ ಪಟ್ಟಿ. ಕಪಾಟಿನ ಪಕ್ಕದಲ್ಲಿ ಕೌದಿಯ ಅಂಚಿಗೆ ಹೊಲಿಯಲೆಂದು ರಟ್ಟಿಗೆ ಸುತ್ತಿಟ್ಟ ಬಟ್ಟೆಯ ಪಟ್ಟಿ, ಈಗ ರಟ್ಟು ಮಾತ್ರ ಇದೆ. ಪತ್ರಿಕೆ ಕಟ್ಟೋಕೆ ಹಗ್ಗ ಮುಗಿದಿತ್ತಮ್ಮಾ, ಇದು ಕಣ್ಣಿಗೆ ಬಿತ್ತು, ಹಳೇದು, ಬಣ್ಣ ಮಾಸಿತ್ತು, ಆದ್ರೆ ಗಟ್ಟಿ ಇತ್ತು ನೋಡು, ಒಂದೇ ತೊಂದ್ರೆ, ಎಳೆದ್ರೆ ಜಗ್ಗುತ್ತೆ, ಅದಕ್ಕೇ ಎಲ್ಲದಕ್ಕೂ ಎರಡೆರಡು ಸುತ್ತು ಹಾಕ್ದೆ. ಜಗ್ಗದೆ ಇನ್ನೇನು, ಓರೆಯಾಗಿ ಕತ್ತರಿಸಿದ್ದು ಜಗ್ಗಲಿ ಅಂತಲೇ, ಕೌದಿಯ ಮೂಲೆಯಲ್ಲಿ ಸುಕ್ಕಿಲ್ಲದೆ ತಿರುಗಲಿ ಅಂತ, ಎರಡೆರಡು ಸುತ್ತು ಹಾಕಿ ಪೂರ್ತಿ ಖಾಲಿ ಮಾಡಿದರು, ಒಂದು ಗೇಣು ಉಳಿಸಲಿಲ್ಲ.

ಅದು ನನ್ನ ಅವ್ವನ ಪೈಜಾಮ. ಕಿತ್ತಳೆ ತೋಟದ ಇಳಿಜಾರಿನಲ್ಲಿ ಬುಟ್ಟಿ ಹೊತ್ತು ಹತ್ತುವಾಗ ತೊಡುತ್ತಿದ್ದದ್ದು, ನೀಲಿಯ ಮೇಲೆ ಮಬ್ಬು ಬಿಳಿಯ ಚುಕ್ಕಿ, ಮಂಡಿಯ ಹತ್ತಿರ ಸವೆದು ಬೆಳಕು ಕಾಣುತ್ತಿತ್ತು, ಅಷ್ಟನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿ ತುಂಡಿಗೆ ತುಂಡು ಸೇರಿಸಿ ಕೌದಿಯ ಸುತ್ತಲೂ ಸರಿಯಾಗಿ ಬರುವಷ್ಟು ಮಾಡಿದ್ದೆ, ಇಡೀ ಕೌದಿಯಲ್ಲಿ ಬೂದಿ ಮಣ್ಣು ಬಿಟ್ಟರೆ ಬೇರೆ ಬಣ್ಣವಿಲ್ಲ, ಅಂಚಿನಲ್ಲಿ ಮಾತ್ರ ಅವ್ವ ಇರಲಿ ಅಂತ. ಕೌದಿ ಕಲಿಸುವ ನಿನೊಮಿಯಾ ಟೀಚರ್ ಒಪ್ಪಿರಲಿಲ್ಲ, ತರಗತಿಯಲ್ಲಿ ಎಲ್ಲರ ಎದುರು, ಓಚಿ ಅವರೇ, ನಮ್ಮ ಶೈಲಿಯಲ್ಲಿ ನೀಲಿ ಇಲ್ಲ, ಬೂದು ಹಾಕಿ, ಕಣ್ಣಿಗೆ ಚುಚ್ಚುತ್ತೆ ಅಂದಿದ್ದರು, ಟೀಚರ್ ಬೇಡ ಅಂದರೆ ಬೇಡ, ನಮ್ಮಲ್ಲಿ ಯಾರೂ ಎದುರಾಡುವುದಿಲ್ಲ, ದಾರದ ಬಣ್ಣಕ್ಕೂ ಅವರ ಮುಖ ನೋಡುತ್ತೇವೆ, ನಾನು ಚುಚ್ಚಲಿ ಬಿಡಿ ಅಂದೆ, ನನ್ನ ಬಾಯಿಂದಲೇ ಬಂತೇ ಅಂತ ಪಕ್ಕದವಳು ಸೂಜಿ ಬಿಟ್ಟು ನೋಡಿದಳು, ಅಷ್ಟು ವರ್ಷ ಕಲಿತು ಒಂದೇ ಒಂದು ಸಲ ನನ್ನಿಷ್ಟ ಅಂತ ಮಾಡಿದ್ದು. ನಾಳೆ ಸಂಜೆ ಕೊರಿಯರ್‌ನವನು ಬರುತ್ತಾನೆ, ಕೌದಿ ಪ್ರದರ್ಶನಕ್ಕೆ ಹೋಗಬೇಕು, ಅಂಚು ಕಟ್ಟದ ಕೌದಿಯನ್ನು ಅಲ್ಲಿ ಒಳಗೇ ಬಿಡುವುದಿಲ್ಲ, ಮುಂದಿನ ವರ್ಷ ನೋಡೋಣ ಅನ್ನಲು ನನ್ನ ಕಣ್ಣು ಮುಂದಿನ ವರ್ಷ ಇಷ್ಟಾದರೂ ಕಾಣುತ್ತದೋ ಇಲ್ಲವೋ, ಈಗಲೇ ಸೂಜಿಗೆ ದಾರ ಪೋಣಿಸಲು ಕಿಟಕಿಯ ಹತ್ತಿರ ಹೋಗಬೇಕು. ಹಳೆ ಕಾಗದದ ಗೋದಾಮಿಗೆ ಫೋನ್ ಮಾಡಿದೆ, ಯಾರೋ ಗಂಡಸು, ಹಿಂದೆ ಯಂತ್ರದ ಸದ್ದು, ನೀಲಿ ಬಟ್ಟೆಯಲ್ಲಿ ಕಟ್ಟಿದ್ದಲ್ವಾ ಅಜ್ಜಿ, ನೋಡ್ದೆ ನೋಡ್ದೆ, ನಮ್ಮ ಹುಡುಗರೆಲ್ಲ ಗಂಟು ನೋಡಿ ಮೆಚ್ಕೊಂಡ್ರು, ಬಿಚ್ಚೋಕೆ ಆಗ್ಲೇ ಇಲ್ಲ, ಹಾಗೇ ಒತ್ತಿ ಕಳಿಸ್ಬಿಟ್ವಿ, ಲಾರಿ ಹೋಗಿ ಎಷ್ಟೋ ಹೊತ್ತಾಯ್ತು. ಬಿಚ್ಚಲಾಗದ ಗಂಟು. ಹಾಕದೆ ಇನ್ನೇನು, ಬಂದರಿನ ಸರಕು ಕೋಣೆಯಲ್ಲಿ ಮೂಟೆ ಕಟ್ಟುತ್ತ ಕೆಲಸಕ್ಕೆ ಸೇರಿದವರು, ಆಮೇಲೆ ಕುರ್ಚಿ ಸಿಕ್ಕಿತು, ಮೇಜು ಸಿಕ್ಕಿತು, ಕೈ ಮಾತ್ರ ಗಂಟು ಮರೆಯಲಿಲ್ಲ, ನಿವೃತ್ತಿಯಾದ ಮೇಲೆ ಬೀದಿಯ ಹೆಂಗಸರೆಲ್ಲ, ಓಚಿ ಅವರ ಮನೆ ರದ್ದಿ ಕಟ್ಟು ನೋಡಿ, ಉಡುಗೊರೆ ಇದ್ದ ಹಾಗಿರುತ್ತೆ ಅನ್ನುತ್ತಾರೆ, ಅದನ್ನು ಕೇಳಲೆಂದೇ ಬೆಳಗ್ಗೆ ಮೊದಲೇ ಹೋಗಿ ಕಂಬದ ಬುಡದಲ್ಲಿ ಇಟ್ಟು ಸ್ವಲ್ಪ ಹೊತ್ತು ನಿಂತಿರುತ್ತಾರೆ, ಆಫೀಸಿಗೆ ಹಾಕುತ್ತಿದ್ದ ಅದೇ ಬೂದು ಕೋಟು ಹಾಕಿಕೊಂಡು. ರದ್ದಿ ಹಾಕಲು ಹೋಗುವವರಿಗೆ ಕೋಟು. ಆಫೀಸಿಲ್ಲ, ಸಾಹೇಬರಿಲ್ಲ, ಬೀದಿಯ ಸಂಘದ ಮೀಟಿಂಗಿಗೂ ಅದೇ, ದಂತವೈದ್ಯರ ಹತ್ತಿರವೂ ಅದೇ, ಇನ್ನೂ ಎಷ್ಟೋ ವರ್ಷ ಬರುತ್ತೆ ಇದು ಅನ್ನುತ್ತ ಎದೆ ತಟ್ಟಿಕೊಳ್ಳುತ್ತಾರೆ, ಅವರ ಮುಖಕ್ಕಿಂತ ಆ ಕೋಟಿನ ಬೆನ್ನು ನನಗೆ ಚೆನ್ನಾಗಿ ಗೊತ್ತು, ಕೆಲಸವಿದ್ದಷ್ಟು ಕಾಲ ದಿನಾ ಬೆಳಗ್ಗೆ ಬಾಗಿಲ ಮೆಟ್ಟಿಲ ಮೇಲೆ ನನಗೆ ಬೆನ್ನು ಮಾಡಿ ಕೂತು ಷೂ ಹಾಕಿಕೊಳ್ಳುವುದು, ಹೋಗಿ ಬರ್ತೀನಿ ಅನ್ನುವುದೂ ಬಾಗಿಲಿಗೇ, ನಾನು ಹೋಗಿ ಬನ್ನಿ ಅನ್ನುವುದು ಬೆನ್ನಿಗೆ, ಅಷ್ಟರಲ್ಲೇ ಒಂದು ದಾರದ ಎಳೆ ಕಂಡರೆ ತೆಗೆಯುವುದು, ಮೀನಿನ ಮುಳ್ಳಿನ ಹಾಗೆ ನೇಯ್ದ ಬಟ್ಟೆ, ಬೂದಿಯೊಳಗೆ ಸ್ವಲ್ಪ ಮಣ್ಣು, ಮಣ್ಣಿನೊಳಗೆ ಸ್ವಲ್ಪ ಹೊಗೆ, ಅಂಥ ಬಟ್ಟೆ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಅಂತ ಪ್ರತಿಸಲ ಅಂದುಕೊಳ್ಳುತ್ತಿದ್ದೆ, ಗಂಡ ಕೆಲಸಕ್ಕೆ ಹೋಗುತ್ತಿದ್ದಾನೆ, ಹೆಂಡತಿ ಬಟ್ಟೆ ನೋಡುತ್ತಿದ್ದಾಳೆ, ಮುಟ್ಟಿದ್ದೇನೆಯೇ ಒಂದು ದಿನ, ಕೇಳಿದ್ದೇನೆಯೇ ಬಾಯಿಬಿಟ್ಟು. ಬೇರೆಯವರ ಸಾಮಾನು ಮುಟ್ಟಬಾರದು ಅಂತ ನನಗೆ ಕಲಿಸಿದ್ದರು. ಅವರಿಗೆ ಯಾರೂ ಕಲಿಸಲಿಲ್ಲ.

ಅಮ್ಮಾ, ಉದೊನ್ ಹಿಗ್ಗುತ್ತೆ, ಬಾ ಬೇಗ — ಕೆಳಗಿನಿಂದ ಕೂಗು, ದಪ್ಪ ಶಾವಿಗೆ ಬೇಯಿಸಿ ಅಡುಗೆ ಬೇರೆ ಮಾಡಿದ್ದಾರೆ, ಉಪಕಾರದ ಮೇಲೆ ಉಪಕಾರ, ಹಿಗ್ಗಲಿ, ಹಿಗ್ಗಿ ಬಟ್ಟಲು ತುಂಬಿ ಹೊರಗೆ ಬರಲಿ. ಪಕ್ಕದ ಕೋಣೆ, ಕಪಾಟು, ಹ್ಯಾಂಗರು, ಕೈ ತಾನಾಗಿಯೇ ಹೋಯಿತು ಅಂತ ಸುಳ್ಳು ಹೇಳುವುದಿಲ್ಲ, ನಾನೇ ಹೋದೆ, ಗೊತ್ತಿದ್ದೇ ಕೋಟು ತೆಗೆದೆ, ಚಾಪೆಯ ಮೇಲೆ ಬೋರಲು ಹಾಕಿದೆ, ತೋಳುಗಳನ್ನು ಎರಡೂ ಪಕ್ಕಕ್ಕೆ ಚಾಚಿ, ಒಳಗಿನ ಅಸ್ತರಿನ ಹೊಲಿಗೆ ಬಿಡಿಸುವುದಕ್ಕೆ ಎಷ್ಟು ಹೊತ್ತು, ಹೊಲಿದ ಕೈಗೆ ಬಿಚ್ಚುವುದು ಚೆನ್ನಾಗಿ ಬರುತ್ತದೆ, ಕಂಕುಳಿನ ಹತ್ತಿರ ಅವರ ಬೆವರಿನ ವಾಸನೆ, ಕಾಲರಿನಲ್ಲಿ ತಲೆಗೆ ಹಚ್ಚುವ ಎಣ್ಣೆಯ ವಾಸನೆ, ಸದ್ಯ ಲ್ಯಾವೆಂಡರ್ ಅಲ್ಲ. ಹೊಸ ಪಟ್ಟಿಗೆ ಸೀಮೆಸುಣ್ಣದಿಂದ ಗೆರೆ, ಎಡ ಭುಜದಿಂದ ಬಲ ಸೊಂಟಕ್ಕೆ ಓರೆಯಾಗಿ, ಅದರ ಪಕ್ಕ ಇನ್ನೊಂದು, ಅದೇ ಬಟ್ಟೆಯ ಪ್ಯಾಂಟಿನ ಕಾಲುಗಳೂ ಬೇಕಾಗುತ್ತವೆ, ಅವೂ ಇವೆ, ಕೌದಿಯ ತುದಿಯನ್ನು ಎಳೆದು ಪಕ್ಕದಲ್ಲಿಟ್ಟು ನೋಡಿದರೆ ಅಯ್ಯೋ ಎಷ್ಟು ಚೆನ್ನಾಗಿ ಕೂಡುತ್ತದೆ, ಬೂದಿಗೆ ಬೂದಿ, ಒಳಗಿನ ಒಂದೊಂದು ಚೂರೂ ಇದಕ್ಕೇ ಕಾಯುತ್ತಿದ್ದ ಹಾಗೆ ಎದ್ದು ಕಾಣುತ್ತದೆ, ಅದೇ ಹೊಟ್ಟೆ ಉರಿಯುವುದು, ಕೊಳಕಾಗಿ ಕಂಡಿದ್ದರೆ ಒಳ್ಳೆಯದಿತ್ತು, ಟೀಚರ್ ನೋಡಿ, ಹೇಳಿರಲಿಲ್ವಾ ಓಚಿ ಅವರೇ, ಬೂದು ಅಂದ್ರೆ ಬೂದು ಅನ್ನುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ, ಅವ್ವ ಎಲ್ಲೂ ಇಲ್ಲ. ಮೆಟ್ಟಿಲ ಸದ್ದು. ತಟ್ಟೆಯಲ್ಲಿ ಬಟ್ಟಲು ಕುಲುಕುವ ಸದ್ದು. ಬರಲಿ. ಬಂದು ನೋಡಲಿ, ಕೂಗಲಿ, ನನ್ನ ಕೋಟು ಅನ್ನಲಿ, ನನ್ನನ್ನು ಕೇಳದೆ ಹೇಗೆ ಮುಟ್ಟಿದೆ ಅನ್ನಲಿ, ಆ ಒಂದು ಮಾತು ಬಾಯಿಂದ ಬಂದರೆ ಸಾಕು, ನನ್ನ ಹತ್ತಿರ ಮಾತುಗಳು ಸಾಲುಗಟ್ಟಿ ನಿಂತಿವೆ, ಮೊದಲಿನದು ಯಾವುದು ಅಂತ ಸಹ ಗೊತ್ತಿದೆ. ಬಾಗಿಲು ಸರಿಯಿತು. ಇಲ್ಲೇ ತಂದೆ ಅಂದರು. ತಟ್ಟೆ ಕೆಳಗಿಟ್ಟರು. ನಾನು ತಲೆಯೆತ್ತಲಿಲ್ಲ, ಕತ್ತರಿಯ ಬಾಯಿ ಕೋಟಿನ ಅಂಚಿಗೆ ಇಟ್ಟುಕೊಂಡೇ ಇದ್ದೇನೆ, ಅವರ ಉಸಿರು ಮಾತ್ರ ಕೇಳುತ್ತದೆ, ನೋಡುತ್ತಿದ್ದಾರೆ, ಸುಣ್ಣದ ಗೆರೆ ನೋಡುತ್ತಿದ್ದಾರೆ, ಕಿತ್ತ ಅಸ್ತರು, ಖಾಲಿ ರಟ್ಟು, ಕೌದಿ, ಎಲ್ಲ ಒಂದೊಂದಾಗಿ, ಅಂಥ ನಿಧಾನದ ಮನುಷ್ಯ, ಹೇಳಿ, ಏನಾದರೂ ಹೇಳಿ. ಅದು ನಿನ್ನ ಅವ್ವಂದಾ, ಆ ನೀಲಿ ಬಟ್ಟೆ, ಅಂದರು. ಮಂಡಿಯೂರಿದರು, ಮಂಡಿ ಲಟಕ್ ಅಂತು, ನನ್ನ ಎದುರಿಗೆ, ಕೋಟಿನ ಆಚೆ ಬದಿಗೆ. ಬಟ್ಟೆ ಜಾರುತ್ತೆ ಅಂದರು, ಗೆರೆ ಸೊಟ್ಟ ಬರುತ್ತೆ. ಎರಡೂ ಕೈ ಚಾಚಿ ಕೋಟಿನ ಎರಡು ಭುಜಗಳ ಮೇಲೆ ಊರಿ, ಮೂಟೆ ಹಿಡಿಯುವವರ ಹಾಗೆ ಮೈಭಾರ ಬಿಟ್ಟು ಒತ್ತಿ ಹಿಡಿದರು. ಹೂಂ, ಕತ್ತರಿಸು. ಇದನ್ನೂ ಕಿತ್ತುಕೊಂಡರು, ಜಗಳವನ್ನೂ ನನಗೆ ಬಿಡಲಿಲ್ಲ, ತಪ್ಪಾಯ್ತು ಅನ್ನಲು ಬಾರದ ಬಾಯಿ, ಆ ಒಂದು ಮಾತಿನ ಬದಲು ತನ್ನ ಬೆನ್ನನ್ನೇ ತಂದು ಮುಂದಿಟ್ಟರೆ ನಾನು ಏನು ಮಾಡಬೇಕು, ಯಾರು ಕೇಳಿದರು ಇದನ್ನು, ಕೂಗಿ, ದಯವಿಟ್ಟು ಒಂದು ಸಲ ಕೂಗಿ, ಕತ್ತರಿಯ ಬಾಯಿ ತೆರೆದೇ ಇದೆ, ಬಟ್ಟೆ ಅದರೊಳಗೆ ಇದೆ, ಕೈಗಳು ಅಲುಗುತ್ತಿಲ್ಲ, ಉಗುರು ಮೋಟಾಗಿ ಕತ್ತರಿಸಿಕೊಂಡ, ಗಂಟು ಹಾಕುವ, ಮುದಿ ಕೈಗಳು, ಕಾಯುತ್ತಿವೆ, ತನ್ನ ಭುಜವನ್ನು ತಾನೇ ಅದುಮಿ ಹಿಡಿದು ಕಾಯುತ್ತಿವೆ, ಎರಡು ಕೈ, ನಡುವೆ ಬೋರಲು ಬಿದ್ದ ಬೆನ್ನು, ಎರಡು ಕೈ, ಆ ಬೆನ್ನು