ಮುಖದ ಅಚ್ಚು

ಹೆಂಡತಿಯ ಮುಖವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆ ಮನುಷ್ಯ ಗೇಟು ತೆಗೆಯುತ್ತಿದ್ದ. ಕುಶನ್ ಅಂಗಡಿಯವನು ಕುರ್ಚಿಯಿಂದ ಎದ್ದೇಬಿಟ್ಟ. ಅವನ ಹೆಂಡತಿ ಒಳಗೆ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು; ಈತನ ಕಂಕುಳಲ್ಲಿದ್ದದ್ದು ಅವಳ ಮುಖದಿಂದ ತೆಗೆದ ಪ್ಲಾಸ್ಟಿಕ್ ಬಲೆಯ ಅಚ್ಚು. ವಿಕಿರಣ ಕೊಡುವಾಗ ತಲೆ ಅಲುಗಬಾರದೆಂದು ಆಸ್ಪತ್ರೆಯಲ್ಲಿ ಮಾಡುವಂಥದ್ದು. ಮೂಗು, ತುಟಿ, ಗಲ್ಲ, ಎಲ್ಲ ಅವಳದೇ.

"ಬಂದ ನೋಡು ಲೆಕ್ಕದ ಸರ್," ಎಂದ ಪಕ್ಕದಲ್ಲಿದ್ದ ಅಕ್ಕನಿಗೆ. "ಸತ್ತ ಮೇಲೂ ಬಿಡಲ್ಲ ಇವನು."

"ಸುಮ್ನಿರೋ, ನಾಲ್ಕು ಜನ ಕೇಳಿಸ್ಕೋತಾರೆ. ಇವತ್ತಾದ್ರೂ ಹೊಟ್ಟೆಕಿಚ್ಚು ಬಿಡು."

ಬಿಡುವುದೆಲ್ಲಿ ಬಂತು? ಮದುವೆಯಾದಾಗಿನಿಂದ ಜತನವಾಗಿ ಸಾಕಿಕೊಂಡು ಬಂದದ್ದು. ಹೆಂಡತಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇಂಥ ಅಚ್ಚು ಮಾಡುವವಳು. ಯಾವ ಗಡ್ಡೆಗೆ ಯಾವ ಕಡೆಯಿಂದ ಎಷ್ಟು ಕಿರಣ ಬೀಳಬೇಕೆಂದು ಲೆಕ್ಕ ಹಾಕುವವನು ಆತ. ಕಿಟಕಿಯಿಲ್ಲದ ಒಂದು ಕೋಣೆ, ಒಂದೇ ಪರದೆ, ಅದರ ಮುಂದೆ ಇಬ್ಬರ ತಲೆ. ಮನೆಗೆ ಬಂದರೂ ಸರ್ ಹಾಗಂದ್ರು, ಸರ್ ಹೀಗಂದ್ರು. ಸಾರಿಗೆ ಉಪ್ಪು ಹೆಚ್ಚಾದದ್ದು ಮಾತ್ರ ಸರ್‌ಗೆ ಗೊತ್ತಾಗುತ್ತಿರಲಿಲ್ಲ.

ಒಳಗೆ ತಲೆಗೆ ಸ್ಕಾರ್ಫ್ ಕಟ್ಟಿದ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು. "ಬಿಸಿಬಿಸಿ ಮಾಸ್ಕ್ ಮುಖದ ಮೇಲೆ ಹಾಕ್ದಾಗ ಜೀವಾನೇ ಹೋಯ್ತು ಅಂದ್ಕೊಂಡೆ. ಮೇಡಂ ಎರಡೂ ಕೈಲಿ ನನ್ನ ಕೆನ್ನೆ ಹಿಡ್ಕೊಂಡು, ಅದು ಆರೋ ತನಕ ಮಾತಾಡಿಸ್ತಾನೇ ಇದ್ರು. ನಮ್ಮಮ್ಮನೂ ಹಾಗೆ ಹಿಡಿದೋಳಲ್ಲ."

ಬೆಳಗಿನಿಂದ ಬಂದವರದೆಲ್ಲ ಇದೇ ಮಾತು. ಅವನಿಗೆ ಜ್ವರ ಬಂದಾಗ ಅವಳು ಮಾತ್ರೆ ಕೊಟ್ಟು, "ಕೈ ಸೋತುಹೋಗಿದೆ ಕಣ್ರಿ," ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಆ ಕೈ ಯಾರ ಕೆನ್ನೆ ಹಿಡಿದು ಸೋತಿತ್ತೆಂದು ಈಗ ಸಾಲಾಗಿ ಬಂದು ಹೇಳುತ್ತಿದ್ದಾರೆ. ಊರಿಗೆಲ್ಲ ಹಂಚಿ ಮುಗಿದ ಮೇಲೆ ತನಗೆಂದು ಉಳಿದದ್ದೇನು? ಒಂದಾದರೂ, ಬೇರೆ ಯಾರಿಗೂ ಸಿಗದ್ದು ಒಂದಾದರೂ ಬೇಕಿತ್ತು ಅವನಿಗೆ. ಮಿಕ್ಕಿದ್ದದ್ದು ಆ ಅಚ್ಚು. ಅದೂ ಈಗ ಲೆಕ್ಕದ ಸರ್ ಕಂಕುಳಲ್ಲಿ!

*

ಅಚ್ಚು ಮಾಡಿದ ದಿನ ಅವಳಿಗೆ ನೆಟ್ಟಗೆ ಮಲಗಲೂ ಆಗುತ್ತಿರಲಿಲ್ಲ. ಅವಳಿಗೇ ಬಂದ ಕ್ಯಾನ್ಸರ್ ಕುತ್ತಿಗೆಯ ಮೂಳೆಗೆ ಇಳಿದಿತ್ತು. ಅಂಗಾತ ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಆದರೂ ಸ್ಟ್ರೆಚರ್ ಮೇಲೆ ಒರಗಿಕೊಂಡೇ ತನ್ನ ಚಿಕಿತ್ಸೆಗೆ ತಾನೇ ಜಗಳ ತೆಗೆದಿದ್ದಳು.

"ಕಿರಣಾನ ಐದು ದಿನಕ್ಕೆ ಹಂಚೋಣ," ಎಂದ ಲೆಕ್ಕದ ಸರ್.

"ಐದು ದಿನ ಯಾರು ಕಂಡಿದ್ದಾರೆ ಸರ್? ಬೇರೆಯವರಾಗಿದ್ರೆ ನೀವೇ ಏನಂತಿದ್ರಿ? ಇವತ್ತೇ ಸ್ಕ್ಯಾನ್, ಇವತ್ತೇ ಪ್ಲಾನ್, ಒಂದೇ ಸಲ ಕೊಟ್ಟು ಕಳ್ಸಿ. ನೋವು ಕಮ್ಮಿಯಾದ್ರೆ ಸಾಕು."

"ಡಾಕ್ಟ್ರು ಒಪ್ಪಬೇಕಲ್ಲ."

"ಒಪ್ಪಿಸಿ."

ಆತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಪರದೆಯ ಕಡೆ ತಿರುಗಿದ. ಬಾಗಿಲಲ್ಲಿ ನಿಂತಿದ್ದ ಗಂಡನಿಗೆ ಮೈಯೆಲ್ಲ ಉರಿಯಿತು. ಅಳೋಕೆ ಇವನ್ಯಾರು?

ಡಾಕ್ಟರು ಒಪ್ಪಿದರು. ಬಿಸಿನೀರಿನ ತೊಟ್ಟಿಯಿಂದ ಮೆತ್ತಗಾದ ಪ್ಲಾಸ್ಟಿಕ್ ಹಾಳೆ ಬಂತು. ಅವಳು ಆತನಿಗೆ ಮೆಲ್ಲಗೆ ಏನೋ ಹೇಳಿದಳು. ಆಮೇಲೆ ಇತ್ತ ಕೈ ಮಾಡಿದಳು. "ರೀ, ಬನ್ನಿ ಇಲ್ಲಿ. ನೀವು ಹಿಡೀರಿ."

"ನಾನಾ? ನಂಗೇನು ಗೊತ್ತು?"

"ಸೋಫಾಗೆ ರೆಕ್ಸಿನ್ ಕೂರಿಸ್ತೀರಲ್ಲ, ಹಾಗೇ. ಹೆಬ್ಬೆರಳು ಕೆನ್ನೆ ಮೇಲೆ, ಉಳಿದ ಬೆರಳು ಕಿವಿ ಹಿಂದೆ. ಆರೋ ತನಕ ಕೈ ತೆಗೀಬೇಡಿ."

ರೆಕ್ಸಿನ್ ಎಳೆದು ಮೊಳೆ ಹೊಡೆಯುವ ಕೈಗೆ ಮೆತ್ತಗೆ ಹಿಡಿಯುವುದು ಎಲ್ಲಿ ಬರಬೇಕು? ಹೆಬ್ಬೆರಳೆರಡೂ ಕೆನ್ನೆಯಲ್ಲಿ ಒತ್ತಿಕೊಂಡವು. ಅಚ್ಚು ಗಟ್ಟಿಯಾಗಿ ಕೈ ತೆಗೆದಾಗ ಅಲ್ಲಿ ಎರಡು ಗುಳಿ.

"ಇನ್ನೊಂದು ಮಾಡೋಣ," ಎಂದ ಲೆಕ್ಕದ ಸರ್.

"ಮತ್ತೆ ಮಲಗೋಕೆ ನನ್ನ ಕೈಲಾಗಲ್ಲ. ತಲೆ ಅಲುಗಲ್ಲ ತಾನೆ? ಇರ್ಲಿ ಬಿಡಿ."

ಅದನ್ನೂ ಆ ಮನುಷ್ಯನ ಎದುರಿಗೇ ಕೆಡಿಸಿದೆನಲ್ಲ ಎಂದು ಗಂಡ ಕೈಗಳನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡ.

*

"ಇದನ್ನ ಕೊಟ್ಟು ಹೋಗೋಣ ಅಂತ ಬಂದೆ," ಎಂದ ಲೆಕ್ಕದ ಸರ್. "ನಮ್ಮಲ್ಲಿ ಇವನ್ನೆಲ್ಲ ಎಸೆದುಬಿಡ್ತಾರೆ. ನಾನು ನನ್ನ ಬೀರುನಲ್ಲಿ ಇಟ್ಕೊಂಡಿದ್ದೆ."

"ನಿಮ್ಮ ಬೀರುನಲ್ಲಾ? ನನ್ನ ಹೆಂಡ್ತಿ ಮುಖಾನಾ?"

ಅಕ್ಕ ಅವನ ತೋಳು ಚಿವುಟಿದಳು. ಲೆಕ್ಕದ ಸರ್ ತಲೆ ತಗ್ಗಿಸಿದ.

"ತಪ್ಪು ಅಂತ ಗೊತ್ತಿತ್ತು. ಅವತ್ತು ಅಚ್ಚು ಹಿಡಿಯೋಕೆ ನಾನು ರೆಡಿಯಾಗಿ ನಿಂತಿದ್ದೆ. 'ಬೇಡ ಸರ್,' ಅಂದ್ರು. 'ಊರೋರ ಮುಖ ಎಲ್ಲ ನಾನು ಹಿಡಿದೆ, ನನ್ನದನ್ನ ನಮ್ಮನೆಯವರೇ ಹಿಡೀಲಿ, ಬೇರೆ ಯಾರೂ ಬೇಡ' ಅಂದ್ರು. ಅಷ್ಟು ವರ್ಷ ಪಕ್ಕದಲ್ಲಿ ಕೂತು ಕೆಲಸ ಮಾಡಿದೋನು ನಾನು. ಸುಳ್ಳು ಯಾಕೆ ಹೇಳ್ಲಿ, ಹೊಟ್ಟೆ ಉರಿದುಹೋಯ್ತು. ಆ ಗುಳೀಲಿ ನನ್ನ ಬೆರಳು ಇಟ್ಟೂ ನೋಡ್ದೆ. ಸೇರ್ಲಿಲ್ಲ."

ಕುಶನ್ ಅಂಗಡಿಯವನು ಆತನ ಮುಖವನ್ನೇ ದಿಟ್ಟಿಸಿದ. ಇಂಥ ಮುಖವನ್ನು ಅವನು ದಿನಾ ಕನ್ನಡಿಯಲ್ಲಿ ಕಂಡಿದ್ದ.

"ಕೂತ್ಕೊಳ್ಳಿ ಸರ್," ಎಂದು ತನ್ನ ಕುರ್ಚಿ ಎಳೆದುಕೊಟ್ಟ. ಅಚ್ಚನ್ನು ಇಸಿದುಕೊಂಡು ಮೆಟ್ಟಿಲ ಮೇಲೆ ಕುಳಿತು ತೊಡೆಯ ಮೇಲಿಟ್ಟುಕೊಂಡ.

ಬೀದಿಯಲ್ಲಿ ವ್ಯಾನು ಬಂದು ನಿಂತಿತು. ಒಳಗೆ ಜನ ಎದ್ದು ಜಾಗ ಬಿಡತೊಡಗಿದರು.

"ಬಾರೋ, ಅವಳನ್ನ ಎತ್ಬೇಕು," ಎಂದು ಅಕ್ಕ ಕರೆದಳು. "ಕಾಯ್ತಿದಾರೆ."

"ಬಂದೆ ಇರು."

ಹೆಬ್ಬೆರಳೆರಡೂ ಗುಳಿಗಳಲ್ಲಿ ಸರಿಯಾಗಿ ಕುಳಿತಿದ್ದವು. ಉಳಿದ ಬೆರಳುಗಳು ಅವಳು ಹೇಳಿಕೊಟ್ಟ ಹಾಗೆ ಕಿವಿಯ ಹಿಂದೆ. ವ್ಯಾನಿನವನು ಹಾರನ್ ಒತ್ತಿದ, ಮತ್ತೊಮ್ಮೆ ಒತ್ತಿದ. ಅವನು ಕೈ ತೆಗೆಯಲಿಲ್ಲ.