ಸೇತುವೆಯ ತಕರಾರು

ಬೆಳಗಾವಿಯ ಸದಾಶಿವನಗರದ ಹಲ್ಲಿನ ಡಾಕ್ಟರು ಶಶಿಧರ ಅವರಿಗೆ ಕಾರ್ ರ‍್ಯಾಲಿಯ ಹುಚ್ಚು ಬಹಳ. ಆದರೆ ಗಾಡಿ ತುಸು ಜೋರಾಗಿ ಓಡಿದರೂ ಅವರಿಗೆ ವಾಂತಿ ಬರುತ್ತಿತ್ತು. ಹೀಗಾಗಿ ಅವರು ಮೇಜಿನ ಮೇಲೆ ಆಡುವ ರ‍್ಯಾಲಿಯನ್ನು ತಮ್ಮ ಊರಿಗೆ ತಂದರು. ತಿಂಗಳಿಗೊಂದು ರವಿವಾರ ಅವರ ದವಾಖಾನೆಯ ಮಾಳಿಗೆಯ ಮೇಲೆ ಏಳೆಂಟು ಜೋಡಿ ಸೇರುತ್ತಿದ್ದವು. ಜೋಡಿಗೊಂದು ದೊಡ್ಡ ನಕಾಶೆ, ಒಂದು ಪೆನ್ಸಿಲ್, ಸೂಚನೆಗಳ ಒಂದು ಹಾಳೆ. ಇಬ್ಬರಲ್ಲಿ ಒಬ್ಬರು ಚಾಲಕರು, ಇನ್ನೊಬ್ಬರು ದಾರಿ ಹೇಳುವವರು. ದಾರಿ ಹೇಳುವವರು ಸೂಚನೆ ಓದಬೇಕು, ಪೆನ್ಸಿಲ್ ಮುಟ್ಟಬಾರದು. ಚಾಲಕರು ನಕಾಶೆಯ ರಸ್ತೆಗಳ ಮೇಲೆ ಗೆರೆ ಎಳೆಯಬೇಕು, ಸೂಚನೆಯ ಕಡೆ ನೋಡಬಾರದು. ಸೂಚನೆಗಳಂತೂ ವಕೀಲರು ಬರೆದಂತೆ ಇರುತ್ತಿದ್ದವು: ಗುಡಿಯ ಗುರುತನ್ನು ಎಡಕ್ಕೆ ಬಿಟ್ಟು, ರೈಲು ಹಳಿ ದಾಟದೆ, ಒಮ್ಮೆ ಬಂದ ರಸ್ತೆಗೆ ಮತ್ತೆ ಬಾರದೆ ಹೋಗಿ. ಕೊನೆಗೆ ಡಾಕ್ಟರು ಸರಿದಾರಿ ಬರೆದಿಟ್ಟ ಪ್ಲಾಸ್ಟಿಕ್ ಹಾಳೆಯನ್ನು ಒಂದೊಂದೇ ನಕಾಶೆಯ ಮೇಲೆ ಹಾಸಿ, ಯಾರ ಗೆರೆ ಎಲ್ಲಿ ತಪ್ಪಿತೆಂದು ನೋಡುತ್ತಿದ್ದರು. ಕುರ್ಚಿಯಿಂದ ಏಳದೆ ಎಲ್ಲರೂ ಗೋವಾದ ಗಡಿ ಮುಟ್ಟಿ ಬರುತ್ತಿದ್ದರು.

ಈ ಮಾಳಿಗೆಯಲ್ಲಿ ನಿಜವಾಗಿ ಗಾಡಿ ಹೊಡೆದು ಹೊಟ್ಟೆ ತುಂಬಿಸಿಕೊಂಡವನು ಒಬ್ಬನೇ, ಸಾದಿಕ. ಹರೆಯದಲ್ಲಿ ಖಾನಾಪುರದ ಲೈನಿನಲ್ಲಿ ಟ್ರ್ಯಾಕ್ಸ್ ಗಾಡಿ ಓಡಿಸುತ್ತಿದ್ದ. ಈಗ ಖಾಸಬಾಗದಲ್ಲಿ ಗಾಡಿಗಳ ಸೀಟ್ ಕವರಿನ ಅಂಗಡಿ. ಡಾಕ್ಟರು ಒಮ್ಮೆ ತಮ್ಮ ಕಾರಿಗೆ ಕವರ್ ಹಾಕಿಸಲು ಬಂದಾಗ, ಕವರಿಗಿಂತ ಹೆಚ್ಚು ಹೊತ್ತು ಅವನು ಅವರಿಗೆ ರಸ್ತೆಗಳ ಬಗ್ಗೆ ಹೇಳಿದ್ದ. ಯಾವ ತಿರುವಿನಲ್ಲಿ ಗುಂಡಿ ಐತಿ, ಯಾವ ಹಳ್ಳ ಮಳೆಗಾಲದಲ್ಲಿ ಮೈಮೇಲೆ ಬರತೈತಿ, ಎಲ್ಲವೂ ಅವನಿಗೆ ಬಾಯಿಪಾಠ. ಡಾಕ್ಟರು ಕರೆದರು, ಅವನು ಬಂದ. ದಾರಿ ಹೇಳಲು ಹೆಂಡತಿ ತಸ್ಲೀಮಾಳನ್ನು ಕರೆತಂದ. ಆಕೆ ಉರ್ದು ಶಾಲೆಯಲ್ಲಿ ಗಣಿತ ಹೇಳುವವಳು. ಎಂಥ ಅಡ್ಡಾದಿಡ್ಡಿ ಸೂಚನೆಯನ್ನೂ ಹಗ್ಗದ ಗಂಟು ಬಿಚ್ಚಿದ ಹಾಗೆ ಬಿಚ್ಚುತ್ತಿದ್ದಳು. ಮನೆಯಲ್ಲಿ ದಖ್ಖನಿಯಲ್ಲಿ ಜಗಳಾಡುವ ಇಬ್ಬರೂ ಇಲ್ಲಿ ಎಲ್ಲರಿಗೂ ತಿಳಿಯಲೆಂದು ಕನ್ನಡ ಆಡಬೇಕಾಗಿತ್ತು. ಅದರಿಂದ ಅವರ ಜಗಳಕ್ಕೂ ಒಂದು ಮರ್ಯಾದೆ ಬಂದಿತ್ತು.

ಆ ವರ್ಷದ ಕೊನೆಯ ಸುತ್ತಿನ ತನಕ ಇಬ್ಬರೂ ಎಲ್ಲರಿಗಿಂತ ಮುಂದಿದ್ದರು. ಕೊನೆಯ ಸುತ್ತಿಗೆ ಡಾಕ್ಟರು ಕೊಟ್ಟದ್ದು ಖಾನಾಪುರ ತಾಲೂಕಿನ ನಕಾಶೆ. ಸಾದಿಕ ಅದನ್ನು ನೋಡಿಯೇ ನಕ್ಕ. ನಂದಗಡದ ತನಕ ಪೆನ್ಸಿಲ್ ಬೆಣ್ಣೆಯ ಮೇಲಿನ ಚಾಕುವಿನಂತೆ ಹೋಯಿತು. ಕೊನೆಯ ಸೂಚನೆ: ನಂದಗಡದಾಚೆಯ ವಾಡಿಯ ಮಸೀದಿಯನ್ನು ಎಲ್ಲಕ್ಕಿಂತ ಹತ್ತಿರದ ದಾರಿಯಿಂದ ಮುಟ್ಟಿ.

ತಸ್ಲೀಮಾ ಅದನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ, "ಹಳ್ಳದ ಸೇತುವೆ ದಾಟ್ರಿ," ಅಂದಳು.

ಪೆನ್ಸಿಲ್ ನಿಂತಿತು. "ಆ ಸೇತುವೆ ಇಲ್ಲ."

"ನಕಾಶಿಯೊಳಗ ಐತಿ."

"ದೊಡ್ಡ ಮಳಿ ಆದ ವರ್ಷ ಕೊಚ್ಚಿಕೊಂಡ ಹೋಗೇತಿ. ನಿನಗ ಗೊತ್ತಿಲ್ಲೇನು? ಗಾಡಿ ಏನ ನಕಾಶಿ ಮ್ಯಾಲ ಓಡತೈತಿ?"

"ಇವತ್ತ ನಕಾಶಿ ಮ್ಯಾಲನ ಓಡೂದು. ದಾಟ್ರಿ, ಹೊತ್ತಾಗತೈತಿ."

"ಇಲ್ಲದ ಸೇತುವಿ ಮ್ಯಾಲ ಗೆರಿ ಎಳಿಯೂ ಮನಷ್ಯಾ ಅಲ್ಲ ನಾನು," ಅಂದ ಸಾದಿಕ. "ಸುಳ್ಳ ಗೆರಿ ಅದು."

ಬಾಜು ಮೇಜಿನ ಬಸವಪ್ರಸಾದ ಮತ್ತು ಸಪ್ನಾ, ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡಹೆಂಡತಿ, ಸೇತುವೆಯನ್ನು ಯಾವ ಪಾಪಪ್ರಜ್ಞೆಯೂ ಇಲ್ಲದೆ ದಾಟಿ, ಚಹಾ ಕುಡಿಯುತ್ತ ಕೂತಿದ್ದರು. ಸಾದಿಕ ಬೀಡಿ ಎಂಬ ಊರಿನ ಕಡೆಯಿಂದ ದೊಡ್ಡದೊಂದು ಸುತ್ತು ಹಾಕಿ, ಗೇಣುದ್ದ ಹೆಚ್ಚಿನ ಗೆರೆ ಎಳೆದು ಮಸೀದಿಗೆ ಮುಟ್ಟಿದ. ಡಾಕ್ಟರು ಪ್ಲಾಸ್ಟಿಕ್ ಹಾಳೆ ಹಾಸಿದರು. ಅವರ ಕೆಂಪು ಗೆರೆ ಸೇತುವೆಯ ಮೇಲಿಂದ ನೆಟ್ಟಗೆ ಹೋಗಿತ್ತು. ಆ ವರ್ಷದ ಬಹುಮಾನದ ಕಪ್ಪು ಬಸವಪ್ರಸಾದ–ಸಪ್ನಾರ ಪಾಲಾಯಿತು.

"ನಾ ತಕರಾರು ಹಾಕತೇನಿ," ಅಂದ ಸಾದಿಕ.

ಡಾಕ್ಟರ ಮುಖ ಅರಳಿತು. ಅವರು ಬರೆದ ನಿಯಮಗಳ ಪುಸ್ತಿಕೆಯಲ್ಲಿ ಅರ್ಧ ಭಾಗ ತಕರಾರಿನ ಬಗ್ಗೆಯೇ ಇತ್ತು: ಯಾರು ಹಾಕಬಹುದು, ಹೇಗೆ ವಿಚಾರಣೆ, ಸ್ಥಳಪರಿಶೀಲನೆ ಎಂದರೇನು. ಇಷ್ಟು ವರ್ಷದಲ್ಲಿ ಒಬ್ಬರೂ ಹಾಕಿರಲಿಲ್ಲ. ಬಂದವರೆಲ್ಲ ಸೋತರೆ ನಕ್ಕು ಮನೆಗೆ ಹೋಗುವ ಜನ. "ಜೋಡಿಯೊಳಗ ಇಬ್ಬರೂ ಸಹಿ ಮಾಡಬೇಕ್ರಿ," ಅಂದರು.

ಸಾದಿಕ ಹೆಂಡತಿಯ ಕಡೆ ನೋಡಿದ. ನಿಯಮವೆಂದರೆ ನಿಯಮ ಎನ್ನುವವಳು ಅವಳು, ಒಪ್ಪಲಿಕ್ಕಿಲ್ಲ ಅಂದುಕೊಂಡಿದ್ದ. ತಸ್ಲೀಮಾ ಪರ್ಸಿನಿಂದ ತನ್ನದೇ ಪೆನ್ನು ತೆಗೆದು ಮೊದಲು ಸಹಿ ಮಾಡಿದಳು. "ಹೋಗಿ ನೋಡಿಬಿಡೂಣು," ಅಂದಳು.

ಆ ವಾಡಿಯಲ್ಲಿ ಸಾದಿಕನ ಅಕ್ಕ ರಾಜಬೀ ಇದ್ದಳು. ಡಾಕ್ಟರಿಗೆ ಅದು ಗೊತ್ತಿರಲಿಲ್ಲ. ಕೆಲ ವರ್ಷಗಳ ಹಿಂದೆ ಆಕೆಯ ಮಗಳು ತಹಮೀನಾಳಿಗೆ ಗಂಡು ಗೊತ್ತಾಗುವ ಹೊತ್ತಿನಲ್ಲಿ, ಬೀಗರ ಜೊತೆ ಮಾತಾಡಲು ರಾಜಬೀ ತಮ್ಮನನ್ನು ಕರೆಯದೆ ದೂರದ ಒಬ್ಬ ಸಂಬಂಧಿಯನ್ನು ಕರೆದಿದ್ದಳು. ಹುಡುಗಿಯ ಸ್ವಂತ ಮಾಮಾ ತಾನಿರುವಾಗ! ಸಾದಿಕನಿಗೆ ಅದು ನಟ್ಟಿತು. ನಿಕಾಹಿಗೆ ಹೋಗಬಾರದೆಂದು ಅವನು ನಿಶ್ಚಯ ಮಾಡಿಕೊಂಡ, ಆದರೆ ಮಂದಿಗೆ ಏನು ಹೇಳುವುದೆಂದು ತಿಳಿಯದೆ ಒದ್ದಾಡುತ್ತಿದ್ದಾಗ ಮಳೆ ಹಿಡಿಯಿತು. ಸೇತುವೆ ಹೋಯಿತು. ತಾಲೂಕಿನಲ್ಲಿ ಎಲ್ಲರೂ ಮಳೆಯನ್ನು ಶಪಿಸುತ್ತಿದ್ದಾಗ ಇವನೊಬ್ಬ ಸುಮ್ಮನಿದ್ದ. ಅಂದಿನಿಂದ ಯಾರು ಕೇಳಿದರೂ ಒಂದೇ ಮಾತು: "ಹೋಗಬೇಕಂದ್ರ ಸೇತುವಿನ ಇಲ್ಲಲ್ಲ."

ಮುಂದಿನ ರವಿವಾರ ಮೂವರೂ ಡಾಕ್ಟರ ಕಾರಿನಲ್ಲಿ ಹೊರಟರು. ಸ್ಟೇರಿಂಗ್ ಸಾದಿಕನ ಕೈಯಲ್ಲಿ. ಡಾಕ್ಟರು ಬಾಜುವಿಗೆ, ಮಡಿಲಲ್ಲಿ ನಕಾಶೆ, ಅಳತೆ ಪಟ್ಟಿ ಮತ್ತು ಕ್ಯಾಮೆರಾ ಇಟ್ಟುಕೊಂಡು. ತಸ್ಲೀಮಾ ಹಿಂದೆ. ಆಕೆ ಈದಿಗೆ ತೊಡುವ ಬಟ್ಟೆ ತೊಟ್ಟಿದ್ದಳು. ಪಕ್ಕದಲ್ಲಿ ಕುಂದಾದ ದೊಡ್ಡ ಡಬ್ಬಿ ಇತ್ತು.

"ಇಷ್ಟೊಂದು ಕುಂದಾ ಯಾಕ?" ಕೇಳಿದ ಸಾದಿಕ.

"ದಾರ್ಯಾಗ ಹಸಿವಾದ್ರ ಇರ್ಲಿ ಅಂತ."

ಖಾನಾಪುರ ದಾಟುವ ತನಕ ಸಾದಿಕ ಪ್ರತಿ ತಿರುವಿನ ಚರಿತ್ರೆ ಹೇಳುತ್ತಿದ್ದ. ನಂದಗಡ ದಾಟಿದ ಮೇಲೆ ಮಾತು ಕಡಿಮೆಯಾಯಿತು. ಹಳ್ಳದ ಇಳಿಜಾರಿಗೆ ಬರುತ್ತಲೇ ಎದುರಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಬಂತು. ಸೇತುವೆಯ ಮೇಲಿನಿಂದಲೇ ಬಂತು.

ಸಾದಿಕ ಕಾರು ನಿಲ್ಲಿಸಿ ಇಳಿದ. ಸಿಮೆಂಟಿನ ಭದ್ರ ಸೇತುವೆ. ಹೊಸತೂ ಅಲ್ಲ, ಕಟಾಂಜನದ ಬಣ್ಣ ಆಗಲೇ ಸುಲಿದಿತ್ತು. ಪಕ್ಕದಲ್ಲಿ ಆಡು ಮೇಯಿಸುತ್ತಿದ್ದ ಮುದುಕ ಕರೆಪ್ಪನನ್ನು ಕೇಳಿದ, "ಯಜಮಾನ್ರ, ಇದು ಯಾವಾಗ ಆತ್ರಿ?"

"ಆಗಿ ಬಾಳ ದಿನ ಆತಲ್ಲೋ. ನೀ ಯಾವ ದೇಶದಿಂದ ಬಂದಿ?"

ಡಾಕ್ಟರು ಅಳತೆ ಪಟ್ಟಿ ತಂದಿದ್ದಕ್ಕೆ ಸೇತುವೆಯನ್ನು ಅಳೆದರು, ನಾಲ್ಕು ಫೋಟೊ ತೆಗೆದರು. ಆಮೇಲೆ ತುಸು ಬೇಜಾರಿನಿಂದಲೇ ಹೇಳಿದರು: "ತಕರಾರು ನಿಲ್ಲೂದಿಲ್ರೀ ಸಾದಿಕ. ಸೇತುವೆ ಐತಿ."

ಅವರು ಇನ್ನೊಂದು ಫೋಟೊ ತೆಗೆಯಲು ದೂರ ಹೋದಾಗ ಸಾದಿಕ ಹೆಂಡತಿಯ ಹತ್ತಿರ ಬಂದ. ಈಗ ಮಾತು ದಖ್ಖನಿಗೆ ತಿರುಗಿತ್ತು. "ನಿನಗ ಗೊತ್ತಿತ್ತೇನು?"

"ಗೊತ್ತಿತ್ತು. ಸೇತುವೆ ಚಾಲೂ ಆದ ದಿನಾನ ರಾಜಬೀ ಆಪಾ ಫೋನ್ ಮಾಡಿದ್ರು."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ನಿ. ಸರಕಾರದ ಸೇತುವೆ ಅಷ್ಟು ಲಗೂನ ಆಗೂದಿಲ್ಲ, ಯಾರೋ ಸುಳ್ಳ ಹೇಳ್ಯಾರ ಅಂದ್ರಿ. ಮತ್ತ ಹೇಳಿದ್ನಿ. ಎದ್ದು ಅಂಗಡಿಗೆ ಹೋದ್ರಿ."

ಸಾದಿಕ ಹಳ್ಳದ ನೀರು ನೋಡುತ್ತ ನಿಂತ.

"ಸೇತುವೆ ಇಲ್ಲದಾಗರೆ ಹೋಗಾಕ ಏನ ಅಡ್ಡಿ ಇತ್ತು?" ಅಂದಳು ತಸ್ಲೀಮಾ. ಆಕೆಯ ದನಿ ಏರಲಿಲ್ಲ. "ಮೊನ್ನೆ ಕಾಗದದ ಮ್ಯಾಲ ಬೀಡಿ ಮ್ಯಾಲಿಂದ ಸುತ್ತು ಹಾಕಿ ಬಂದ್ರಿ. ಕಪ್ಪು ಹೋದ್ರೂ ಹೋಗ್ಲಿ ಅಂದ್ರಿ. ಗಾಡಿ ತಗೊಂಡು ಒಮ್ಮೆರೆ ಆ ಸುತ್ತು ಹಾಕಲಿಲ್ಲ."

ಸಾದಿಕ ಕಿಸೆಯಿಂದ ಕೀಲಿ ತೆಗೆದು, "ನಡಿ, ಹೊಳ್ಳಿ ಹೋಗೂಣು," ಅಂದ.

ಅಷ್ಟರಲ್ಲಿ ಡಾಕ್ಟರು ಬಂದರು. ಅವರಿಗೆ ಇದ್ಯಾವುದರ ವಾಸನೆಯೂ ಇರಲಿಲ್ಲ. "ಹೊಳ್ಳೂದು ಹೆಂಗ್ರಿ? ಸ್ಥಳಪರಿಶೀಲನೆ ಅಂದ್ರ ದಾರಿ ಮುಗಿಯೂ ತನಕ ಹೋಗಬೇಕು ಅಂತ ನಾನ ಬರದೇನಿ. ಮಸೀದಿ ಮುಟ್ಟಿ ಬರೂಣು." ಸಾದಿಕ ಹೆಂಡತಿಯ ಮುಖ ನೋಡಿದ. ಆಕೆ ಕುಂದಾದ ಡಬ್ಬಿಯನ್ನು ಮಡಿಲಿಗೆ ಎತ್ತಿಕೊಂಡು ಆಗಲೇ ಕಾರಿನಲ್ಲಿ ಕೂತಿದ್ದಳು.

ರಾಜಬೀಯ ಮನೆ ಮಸೀದಿಗೆ ಹೊಂದಿಕೊಂಡೇ ಇತ್ತು. ಆಕೆ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ಕಾರಿನಿಂದ ಇಳಿದವನನ್ನು ನೋಡಿ ಕೈ ನಿಂತಿತು, ಮತ್ತೆ ಎರಡು ತೊಟ್ಟು ಬಿಡಿಸಿದಳು, ಆಮೇಲೆ ಮೊರ ಬಾಜುವಿಗೆ ಸರಿಸಿದಳು.

"ಬಂದ್ಯಾ? ಬಾ, ಕುಂದ್ರು. ಖಾರದ ಕೈ ಐತಿ, ತೊಳಕೊಂಡ ಬರತೇನಿ."

ಕೈ ತೊಳೆಯಲು ಹೋದವಳು ಹೊರಬರಲು ಬಹಳ ಹೊತ್ತಾಯಿತು. ಬಂದಾಗ ಕಣ್ಣು ಕೆಂಪಾಗಿದ್ದವು. ಮೆಣಸಿನಕಾಯಿ ಇದ್ದದ್ದು ಒಳ್ಳೆಯದಾಯಿತು. ಚಹಾ ಬಂತು. ಗೋಡೆಯ ಮೇಲೆ ತಹಮೀನಾಳ ಫೋಟೊ, ಅವಳ ಕೈ ಹಿಡಿದು ನಿಂತ ಹುಡುಗನೊಬ್ಬ. ಸಾದಿಕ ಅದನ್ನೇ ನೋಡಿದ. ಆ ಹುಡುಗ ಹುಟ್ಟಿದ್ದು ಅವನಿಗೆ ಗೊತ್ತಿತ್ತು. ಹೆಸರೇನಿಟ್ಟರೆಂದು ಅವನು ಕೇಳಿರಲೇ ಇಲ್ಲ.

"ಸರ್ಫರಾಜ," ಅಂದಳು ರಾಜಬೀ, ಅವನು ಕೇಳದಿದ್ದರೂ. "ನಿನ್ನಂಗ ಬಾಯಿ ಬಾಳ."

ಸಾದಿಕ ಬಾಯಿ ತೆರೆಯುವಷ್ಟರಲ್ಲಿ ಎದುರು ಮನೆಯ ಬಾಳವ್ವ ಬಂದಳು. ಹಿಂದೆ ಇನ್ನಿಬ್ಬರು ಹೆಂಗಸರು. ಬಾಳವ್ವ ಅವನನ್ನು ಮೇಲಿಂದ ಕೆಳಗೆ ನೋಡಿ ಕೆನ್ನೆಗೆ ಕೈ ಹಚ್ಚಿದಳು. "ಏನಪಾ ಸಾದಿಕ, ಕಾಲ ಹೆಂಗೈತಿ? ನಿಮ್ಮಕ್ಕ ಹೇಳಿ ಹೇಳಿ ಅಳತಿದ್ಲು. ಅಂತೂ ಅಡ್ಡಾಡೂಹಂಗ ಆತಲ್ಲ."

ಸಾದಿಕ ಅಕ್ಕನ ಕಡೆ ನೋಡಿದ. ರಾಜಬೀ ತಲೆ ಎತ್ತದೆ ಡಾಕ್ಟರ ಕಪ್ಪಿಗೆ ಇನ್ನಷ್ಟು ಚಹಾ ಸುರಿಯುತ್ತಿದ್ದಳು. "ಈಗ ಅಡ್ಡಾಡತಾನ," ಅಂದಳು. "ಆದ್ರ ಇನ್ನಾ ಕುಂಟತಾನ."

ಹೆಂಗಸರು ಕುಂದಾ ತಿನ್ನುತ್ತಿದ್ದಾಗ ಸಾದಿಕ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದ. ಗೋಡೆ ಹಿಡಿದುಕೊಂಡು ಹೋದ. ರಾಜಬೀ ಹಿಂದೆಯೇ ಬಂದಳು.

"ಸೇತುವೆ ಹೋದಾಗ ನನಗೂ ಹೇಳಾಕ ಒಂದು ಮಾತಿತ್ತು," ಅಂದಳು ಮೆಲ್ಲಗೆ. "ಹೊಸಾದು ಆದ ಮ್ಯಾಲೂ ನೀ ಬರಲಿಲ್ಲ. ಮಂದಿ ಕೇಳಾಕ ಹತ್ತಿದ್ರು. ತಮ್ಮ ಸಿಟ್ಟಾಗ್ಯಾನ ಅಂತ ಹೇಳೂದಕ್ಕಿಂತ ಕಾಲ ಮುರಕೊಂಡಾನ ಅನ್ನೂದು ಚಲೋ ಅನಿಸ್ತು."

"ಇಷ್ಟ ವರ್ಷ ಮುರಿದ ಕಾಲ ಕೂಡೂದಿಲ್ಲೇನು ಆಪಾ?"

"ಕೂಡಿತ್ತು. ನೀ ಬರಲಿಲ್ಲ. ಮತ್ತ ಆಪರೇಷನ್ ಮಾಡಿಸಿದ್ನಿ."

ಸಾದಿಕ ತಂಬಿಗೆ ಕೆಳಗಿಟ್ಟ. "ಲಗ್ನದ ಮಾತಿಗೆ ನನ್ನ ಕರೀಬೇಕಿತ್ತು," ಅಂದ ಕೊನೆಗೆ.

"ಕರದಿದ್ರ ಆ ಲಗ್ನ ಆಗ್ತಿರಲಿಲ್ಲ. ನೀ ಬೀಗರಿಗೂ ರಸ್ತೇದ ಗುಂಡಿ ಎಣಿಸಿ ಹೇಳತಿದ್ದಿ."

ಹೊರಗೆ ಬಾಳವ್ವನ ದನಿ ಕೇಳಿಸುತ್ತಿತ್ತು. ಅವನು ಬಾಗಿಲ ತನಕ ಬಂದು ನಿಂತು ಕೇಳಿದ, "ಯಾವ ಕಾಲು?"

"ಎಡಗಾಲು."

ಸಾದಿಕ ಎಡಗಾಲು ಎಳೆಯುತ್ತ ಹೊರಗೆ ಬಂದ. ತಸ್ಲೀಮಾ ಅವನನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊರಡುವ ಹೊತ್ತಿಗೆ ಅರ್ಧ ವಾಡಿಯೇ ಕಾರಿನ ಸುತ್ತ ಸೇರಿತ್ತು. ಎಡಗಾಲು ಹೋದವನು ಕ್ಲಚ್ ಒತ್ತುವುದು ಹೇಗೆ? ಡಾಕ್ಟರೇ ಸ್ಟೇರಿಂಗ್ ಹಿಡಿಯಬೇಕಾಯಿತು. ತಮಗೇ ವಾಂತಿಯಾಗದಷ್ಟು ನಿಧಾನವಾಗಿ ಅವರು ಕಾರು ನಡೆಸಿದರು. ಸೇತುವೆಯ ಮೇಲೆ ಕರೆಪ್ಪನ ಆಡುಗಳು ಕಾರನ್ನು ಹಿಂದೆ ಹಾಕಿದವು. ನಂದಗಡದಲ್ಲಿ ಸಂತೆ. ವಾಡಿಯವರು ಯಾರಾದರೂ ಇದ್ದಾರೇನೋ ಎಂದು ಸಾದಿಕ ಅಲ್ಲಿಯೂ ಜಾಗ ಬದಲಿಸಲಿಲ್ಲ.

"ಕಾಲಿನ ವಿಷಯ ನೀವು ನನಗ ಹೇಳಲೇ ಇಲ್ಲಲ್ರೀ," ಅಂದರು ಡಾಕ್ಟರು ಬಹಳ ಮರುಕದಿಂದ.

"ನನಗೂ ಇವತ್ತ ಗೊತ್ತಾತ್ರಿ," ಅಂದ ಸಾದಿಕ.

ಬಕ್ರೀದಿಗೆ ಗಂಡಹೆಂಡತಿ ಮತ್ತೆ ವಾಡಿಗೆ ಹೋದರು. ತಹಮೀನಾ ಮಗನನ್ನು ಕರೆದುಕೊಂಡು ಬಂದಿದ್ದಳು. ಆ ಸಲ ಸಾದಿಕ ಕುಂಟುವುದನ್ನು ತುಸು ಕಡಿಮೆ ಮಾಡಿದ. ಅದರ ಮುಂದಿನ ಸಲ ಇನ್ನೂ ಕಡಿಮೆ. ಬಾಳವ್ವ ಅದನ್ನು ಗಮನಿಸಿ, ಇಂಥ ಕಾಲನ್ನು ಯಾವ ಡಾಕ್ಟರು ಸರಿಮಾಡಿದರೆಂದು ಕೇಳಿದಳು. ರಾಜಬೀಗೆ ಗೊತ್ತಿದ್ದ ಬೆಳಗಾವಿಯ ಡಾಕ್ಟರೆಂದರೆ ಅವತ್ತು ಕಾರಿನಲ್ಲಿ ಬಂದವರೊಬ್ಬರೇ, ಅವರ ಹೆಸರನ್ನೇ ಹೇಳಿದಳು. ಬಾಳವ್ವ ಈಗ ಮೊಣಕಾಲು ನೋವಿನ ತನ್ನ ಗಂಡ ಮುತ್ತಪ್ಪನನ್ನು ಸದಾಶಿವನಗರದ ಹಲ್ಲಿನ ದವಾಖಾನೆಗೆ ಕಳಿಸುವ ತಯಾರಿಯಲ್ಲಿದ್ದಾಳೆ.