ಮೂರು ಬೆರಳು ಬಟ್ಟೆ

ಈ ಕಥೆಯನ್ನು ಮೊದಲು ಹೇಳಿದವರು ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಗುಂಡಿ ತೂರುವ ಕಾಜ ಹಾಕಿದ ಅಜ್ಜಿ. ಶಾಲೆಗಳು ತೆರೆಯಲು ಇನ್ನು ಹತ್ತೇ ದಿನವಿತ್ತು. ಒಂದು ಇಳಿಹೊತ್ತು ಕರೆಂಟು ಹೋಗಿ ಯಂತ್ರಗಳೆಲ್ಲ ಒಮ್ಮೆಲೇ ಸುಮ್ಮನಾದಾಗ ಅವರು ಬಾಯಿ ತೆರೆದರು. ಕೇಳುತ್ತಿದ್ದವರು ಐವರು ಹೊಲಿಗೆಯ ಹೆಂಗಸರು; ಐವರ ಮಡಿಲಲ್ಲೂ ಅರ್ಧ ಹೊಲಿದ ಅಂಗಿಗಳಿದ್ದವು. ಬೇರೆಯವರ ಬಾಯಲ್ಲಿ ಈ ಕಥೆಯ ಕೋಟು ಹಸಿರಾಗಿರುವುದುಂಟು, ಬೂದಿಯ ಬಣ್ಣದ್ದಾಗಿರುವುದೂ ಉಂಟು. ಅಜ್ಜಿಯ ಕಥೆಯಲ್ಲಿ ಅದು ಕಡುನೀಲಿ.

ಅಂಥದೇ ಒಂದು ಅಂಗಡಿಯಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳಿದ್ದಳು. ಮೈ ಕಡ್ಡಿ, ಮಾತು ಮೊನಚು. ಎಲ್ಲರೂ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಅಂಗಡಿ ಅವಳ ಸೋದರತ್ತೆಯದು. ಸೂಜಿಗೆ ಏಳು ವರ್ಷವಿದ್ದಾಗ ಅವಳ ತಾಯಿ ದೂರದೂರಿಗೆ ಕೆಲಸಕ್ಕೆ ಹೊರಟು ನಿಂತಿದ್ದಳು. ಹೊರಡುವ ಮುನ್ನ ಮಗಳ ಲಂಗದ ಅಂಚನ್ನು ಒಳಕ್ಕೆ ಮಡಿಚಿ ಹೊಲಿದು, "ಈ ಮಡಿಕೆ ಬಿಚ್ಚೋ ಹೊತ್ತಿಗೆ ಬಂದ್ಬಿಡ್ತೀನಿ ಕಣೇ" ಎಂದಿದ್ದಳು. ಅತ್ತೆ ಆ ಲಂಗದ ಮಡಿಕೆಯನ್ನು ಸ್ವಲ್ಪ ಸ್ವಲ್ಪವೇ ಮೂರು ಸಲ ಬಿಚ್ಚಿ ಇಳಿಸಿದಳು. ಕೊನೆಗೆ ಲಂಗ ಯಂತ್ರ ಒರೆಸುವ ಬಟ್ಟೆಯಾಯಿತು. ತಾಯಿ ಬರಲಿಲ್ಲ.

ಅತ್ತೆಯ ಅಂಗಡಿಗೆ ಒಂದು ಕಟ್ಟಳೆಯಿತ್ತು. ಬೆಳೆಯುವ ಮಕ್ಕಳ ಬಟ್ಟೆಯಾದರೆ ತೋಳಿನ ಕೊನೆಗೂ ಕೆಳಗಿನ ಅಂಚಿಗೂ ಮೂರು ಬೆರಳಷ್ಟು ಬಟ್ಟೆಯನ್ನು ಒಳಗೆ ಮಡಿಚಿ ಬಿಡಲೇಬೇಕು. "ಇವತ್ತಿನ ಅಳತೆಗೆ ಹೊಲಿದ್ರೆ ನಾಳೆ ಅವರಮ್ಮಂದಿರು ಬಂದು ನನ್ನ ಜನ್ಮ ಜಾಲಾಡ್ತಾರೆ" ಎನ್ನುತ್ತಿದ್ದಳು. ಸೂಜಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಕತ್ತರಿ ಹಿಡಿದ ಕೂಡಲೇ ಎಡಗೈಯ ಮೂರು ಬೆರಳು ತಾವಾಗಿಯೇ ಬಟ್ಟೆಯ ಮೇಲೆ ಹೋಗಿ ಕೂರುತ್ತಿದ್ದವು.

ಅಂಗಡಿಯ ಹಿಂಬಾಗಿಲಿನಾಚೆ ಗೋದಾಮಿನ ಗೋಡೆ. ಎರಡು ಗೋಡೆಗಳ ನಡುವೆ ಒಂದು ಕಿರಿದಾದ ಸಂದು. ಒಂದು ಮಧ್ಯಾಹ್ನ, ಅತ್ತೆ ಊಟ ಮಾಡಿ ಕತ್ತರಿಸುವ ಮೇಜಿನಡಿ ಚಾಪೆ ಹಾಸಿ ಮಲಗಿದ್ದಾಗ, ಆ ಸಂದಿನಿಂದ ಒಬ್ಬ ಹುಡುಗ ಬಂದು ನಿಂತ. ನೋಡಿದರೆ ಹದಿನೇಳರ ಪ್ರಾಯ. ಅವನ ಕೋಟಿನ ತೋಳು ಮೊಣಕೈವರೆಗೆ ಹರಿದಿತ್ತು.

"ಹೊಲಿದು ಕೊಡ್ತೀಯಾ?"

"ಮುಂದಿನ ಬಾಗಿಲು ಮತ್ಯಾಕಿರೋದು?" ಎಂದಳು ಸೂಜಿ.

"ನಮ್ಮೂರಿಗೆ ಇದೇ ಮುಂದಿನ ಬಾಗಿಲು."

ಅವಳು ತೋಳನ್ನು ಬೆಳಕಿಗೆ ಹಿಡಿದು ನೋಡಿದಳು. ಆ ಬಟ್ಟೆಯಲ್ಲಿ ಎಳೆಯೇ ಇರಲಿಲ್ಲ. ಕೈಯಲ್ಲಿದ್ದ ಸೂಜಿಯ ಮೊನೆ ಜಾರಿಹೋಗುತ್ತಿತ್ತು. ಆಗ ತಿಳಿಯಿತು, ಅವನು ಕಿನ್ನರ. ಅವರ ನಾಡಿನಲ್ಲಿ ಯಾವುದೂ ಹರಿಯುವುದಿಲ್ಲ, ಹಾಗಾಗಿ ಹೊಲಿಯುವವರೂ ಇಲ್ಲ. ಇದು ಸಂದಿನ ಈಚೆಯ ಮೊಳೆಗೆ ಸಿಕ್ಕಿ ಹರಿದದ್ದು. ಹೊಸದೇ ಹೊಲಿಯಬೇಕೆಂದಳು. ಅವನು ಒಪ್ಪಿದ, ಒಂದು ನಿಯಮವನ್ನೂ ಹೇಳಿದ. ಕಿನ್ನರರ ಕೆಲಸವೊಂದು ಈಚೆ ಅರೆಬರೆಯಾಗಿ ಇರುವವರೆಗೆ ಮಾತ್ರ ಅವರು ಬಂದುಹೋಗಬಹುದು. ಕೆಲಸ ಮುಗಿದರೆ ದಾರಿಯೂ ಮುಗಿಯಿತು.

ಇದನ್ನು ಅವನು ಹೇಳಬಾರದಿತ್ತು ಎಂದರು ಅಜ್ಜಿ. ಅಂದಿನಿಂದ ಸೂಜಿಯ ಕೈಗೆ ಎಂದಿಲ್ಲದ ಸೋಮಾರಿತನ ಅಂಟಿಕೊಂಡಿತು. ಮಾದರಿಗೆಂದು ಹಳೆಯ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿದಳು, ಬಿಚ್ಚಿದಳು. ಭುಜ ಸರಿಯಿಲ್ಲವೆಂದಳು, ಕೊರಳು ಸರಿಯಿಲ್ಲವೆಂದಳು. ಪ್ರತಿ ಮಧ್ಯಾಹ್ನ ಅವನು ಬರುತ್ತಿದ್ದ, ಅವಳು ಟೇಪು ಹಿಡಿದು ಮತ್ತೆ ಅಳೆಯುತ್ತಿದ್ದಳು. ಸುತ್ತಳತೆಗೆಂದು ತೋಳು ಚಾಚಿದಾಗ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದರು. ಅಳತೆ ಮಾತ್ರ ಒಂದು ನೂಲೂ ಹೆಚ್ಚುಕಡಿಮೆಯಾಗುತ್ತಿರಲಿಲ್ಲ. ಸಂದಿನ ಆಚೆ ತುದಿಯಿಂದ ಒಂದು ಎಳೆಯ ದನಿ ಕೂಗುತ್ತಿತ್ತು: "ಅಣ್ಣಾ, ಆಯ್ತಾ?"

"ನನ್ನ ತಂಗಿ. ಏಳು ವರ್ಷ," ಎಂದ ಅವನು. "ಯಾವಾಗ್ಲೂ ಏಳೇ."

ಅವನಿಗೆ ಬೇರೊಂದು ಹುಚ್ಚಿತ್ತು. ಅಳತೆ ಪುಸ್ತಕ ತೆರೆದು ಕೂರುತ್ತಿದ್ದ. ಒಬ್ಬನೇ ಹುಡುಗನ ಮೂರು ವರ್ಷದ ಅಳತೆಗಳ ಮೇಲೆ ಬೆರಳಾಡಿಸುತ್ತಿದ್ದ.

"ಇವನಿಗೆ ಏನಾಯ್ತು?"

"ಏನಾಗುತ್ತೆ? ಬೆಳೆದ."

"ನೋವಾಗಲ್ವಾ?"

"ರಾತ್ರಿ ಮೊಣಕಾಲು ನೋಯುತ್ತಂತೆ. ದನಿ ಒಡೆಯುತ್ತೆ. ಚಪ್ಪಲಿ ಹಿಡಿಯಲ್ಲ ಅಂತ ಅಮ್ಮ ಬೈತಾಳೆ."

ಅವನು ಆ ಪುಟವನ್ನು ಮಗುಚದೆ ಬಹಳ ಹೊತ್ತು ನೋಡಿದ. "ನಂಗೂ ಹದಿನೆಂಟಾಗ್ಬೇಕು," ಎಂದ. "ಒಂದೇ ಒಂದು ಸಲ."

ಅತ್ತೆಯ ಕಣ್ಣಿಗೂ ಆ ಪುಸ್ತಕ ಬಿತ್ತು. "ಇದ್ಯಾವ ಗಿರಾಕಿನೇ? ಒಂಬತ್ತು ಸಲ ಅಳತೆ ತಗೊಂಡಿದ್ದೀಯ!"

"ಖಾತ್ರಿ ಮಾಡ್ಕೊಂಡೆ ಅತ್ತೆ."

"ಒಂಬತ್ತು ಸಲ ಖಾತ್ರಿ ಮಾಡ್ಕೊಳ್ಳೋಕೆ ಅವನೇನು ಸೇತುವೆನಾ? ನಾಳೆ ಮುಗಿಸು. ನೂರಿಪ್ಪತ್ತು ಅಂಗಿ ಬಿದ್ದಿದೆ."

ಮುಗಿಸಲೇಬೇಕಾಯಿತು. ನೀಲಿ ಬಟ್ಟೆ ಕತ್ತರಿಸಿದಳು. ಕಣ್ಣು ಮಂಜಾಗಿತ್ತು, ಕೈ ತನ್ನ ರೂಢಿಯಂತೆ ನಡೆಯಿತು. ಐದು ಕಾಜ, ಐದು ಗುಂಡಿ. ಅವನು ತೊಟ್ಟು ಸಂದಿನೊಳಗೆ ಹೋದ. ಸೂಜಿ ಹಿಂಬಾಗಿಲಿನ ಚಿಲಕ ಹಾಕಿ ಅದಕ್ಕೇ ಹಣೆಯಾನಿಸಿ ನಿಂತಳು.

ಅವನು ಹೋದ ಎಂಟನೆಯ ದಿನ ಬಾಗಿಲು ಬಡಿದ ಸದ್ದು. ತೆರೆದರೆ ಅವನೇ! ಕೋಟಿನ ತೋಳು ಮಣಿಕಟ್ಟಿನಿಂದ ಮೇಲಕ್ಕೇರಿತ್ತು. ಭುಜಗಳ ಮೇಲೆ ಗೋಡೆಯ ಸುಣ್ಣ.

"ನೋಡೇ!" ಎಂದ ಅವನು. ದನಿ ನಡುವೆ ಒಡೆಯಿತು. "ಮೊಣಕಾಲು ನೋಯ್ತಾ ಇದೆ! ಎರಡೂ!" ಬಹುಮಾನ ಗೆದ್ದವನ ಮುಖ ಅವನದು.

ಅವಳು ಅವನ ತೋಳಿನ ಅಂಚನ್ನು ತಿರುಗಿಸಿ ನೋಡಿದಳು. ಒಳಗೆ ಅಚ್ಚುಕಟ್ಟಾಗಿ ಮಡಿಚಿ ಬಿಟ್ಟ ಮೂರು ಬೆರಳು ಬಟ್ಟೆ. ಎಂದೂ ಬೆಳೆಯದವನಿಗೆ ಬೆಳೆಯುವ ಹುಡುಗನ ಕೋಟು ಹೊಲಿದಿದ್ದಳು.

"ಭೇಷ್," ಎಂಬ ದನಿ ಮೇಜಿನಡಿಯಿಂದ ಬಂತು. ಅತ್ತೆ ಎದ್ದು ಕೂತು ಕೂದಲು ಕಟ್ಟಿಕೊಳ್ಳುತ್ತಿದ್ದಳು. "ಕಿನ್ನರರ ವಿಷಯ ನಮ್ಮಜ್ಜಿ ಹೇಳ್ತಿದ್ದದ್ದು ಕೇಳಿದ್ದೀನಿ. ಒಳಗೆ ಬಟ್ಟೆ ಬಿಟ್ಟ ಕೋಟು ಮುಗಿದ ಕೋಟಲ್ಲ. ಅದಕ್ಕೇ ಇವನಿಗೆ ಇನ್ನೂ ದಾರಿ ಇದೆ. ಒಳಗಿನ ಬಟ್ಟೆ ಮೈಯನ್ನ ಬಾ ಬಾ ಅಂತ ಕರೆಯುತ್ತೆ, ಮೈ ಬೆಳೆಯುತ್ತೆ. ಆದರೆ ಆ ಸಂದು ಅವರವರ ಅಳತೆ ಮೀರಿದವರನ್ನ ವಾಪಸ್ ಬಿಡಲ್ಲ. ಇನ್ನೊಂದು ಬೆರಳು ಬೆಳೆದ್ರೆ ಇವನು ಇಲ್ಲೇ. ನಮ್ಮ ಹಾಗೇ ಮುದುಕನಾಗ್ತಾನೆ, ಸಾಯ್ತಾನೆ."

"ಓರೆಯಾಗಿ ನುಸುಳಿದ್ರೆ?"

"ಅದೇನು ಬಸ್ಸಾ?"

"ಬಟ್ಟೆ ಕತ್ತರಿಸಿಬಿಟ್ರೆ?"

"ಮೊದಲಿನ ಹಾಗೇ ಆಗ್ತಾನೆ. ಕೋಟೂ ಮುಗೀತು, ದಾರಿಯೂ ಮುಗೀತು. ಹೊಲಿದವಳು ನೀನು, ನೀನೇ ನೋಡು."

ಹುಡುಗ ಎರಡೂ ಕೈಗಳನ್ನು ಸೂಜಿಯ ಮುಂದೆ ಚಾಚಿದ. "ಮಡಿಕೆ ಇಳಿಸು," ಎಂದ. "ನಾನು ಇಲ್ಲೇ ಇರ್ತೀನಿ."

ಒಂಬತ್ತು ಮಧ್ಯಾಹ್ನ ಟೇಪು ಹಿಡಿದು ಅವಳು ಬಯಸಿದ್ದು ಇದನ್ನೇ. ಮಡಿಕೆಯ ಹೊಲಿಗೆಗೆ ಕತ್ತರಿಯ ತುದಿ ತಾಗಿಸಿದಳು. ಎರಡು ಹೊಲಿಗೆ ಬಿಚ್ಚಿದಳು. ಮೂರನೆಯದಕ್ಕೆ ಸಂದಿನಿಂದ ದನಿ ಬಂತು: "ಅಣ್ಣಾ, ಆಯ್ತಾ?"

ಸೂಜಿ ತಲೆ ಎತ್ತಲಿಲ್ಲ. "ಅವಳಿಗೆ ಏನು ಹೇಳಿ ಬಂದಿದ್ದೀಯ?"

"ಈಗ ಬಂದ್ಬಿಡ್ತೀನಿ ಅಂತ."

ಅವಳ ಕೈ ನಿಂತಿತು. ಯಂತ್ರದ ಪಕ್ಕದಲ್ಲಿ ಎಣ್ಣೆಯ ಕಲೆ ಹತ್ತಿದ ಹಳೆಯ ಒರೆಸುವ ಬಟ್ಟೆ ಬಿದ್ದಿತ್ತು. ಅದರ ಅಂಚಿನಲ್ಲಿ ಬಿಚ್ಚಿದ ಮೂರು ಮಡಿಕೆಗಳ ಗೆರೆ ಇನ್ನೂ ಕಾಣುತ್ತಿತ್ತು. ಅತ್ತೆ ಅವಳನ್ನು ನೋಡಿದಳು.

"ಕೋಟು ಬಿಚ್ಚಿ ಕೊಡು," ಎಂದಳು ಸೂಜಿ.

ಅವನಿಗೆ ಅರ್ಥವಾಯಿತು. ಬೇಡವೆನ್ನಬಹುದಿತ್ತು; ಆದರೆ ಸಂದಿನ ಕಡೆ ಒಮ್ಮೆ ತಿರುಗಿ ನೋಡಿ, ಬಿಚ್ಚಿ ಕೊಟ್ಟ. ಅವಳು ಎರಡು ತೋಳಿನ ಬಟ್ಟೆಯನ್ನೂ ಕೆಳಗಿನ ಅಂಚಿನದನ್ನೂ ಕತ್ತರಿಸಿದಳು, ಅಂಚು ಕಟ್ಟಿದಳು. ಇಷ್ಟು ಸಣ್ಣ ಹೊಲಿಗೆಯನ್ನು ಅವಳು ಹಿಂದೆಂದೂ ಹಾಕಿರಲಿಲ್ಲ. ಕೊನೆಯ ಗಂಟು ಹಾಕಿ, ಕತ್ತರಿಯ ತುದಿಯಿಂದ ಎಲ್ಲಕ್ಕಿಂತ ಕೆಳಗಿನ ಗುಂಡಿಯ ದಾರ ತುಂಡರಿಸಿ ಗುಂಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅತ್ತೆ ಅದನ್ನು ಕಂಡು, ದಾರದುಂಡೆ ಹುಡುಕುವವಳಂತೆ ಅತ್ತ ತಿರುಗಿದಳು. ಹುಡುಗನಿಗೆ ಸೂಜಿ ಹೇಳಲಿಲ್ಲ. ಹೇಳಿದ್ದರೆ ನಾಳೆಯೂ ಅವನು ತಂಗಿಗೆ "ಈಗ ಬಂದ್ಬಿಡ್ತೀನಿ" ಎಂದು ಹೇಳಿ ಬರುತ್ತಿದ್ದ.

ಅವನು ಕೋಟು ತೊಟ್ಟ. ತೋಳು ಇಳಿದು ಮಣಿಕಟ್ಟು ಮುಚ್ಚಿತು.

"ಮೊಣಕಾಲು?" ಎಂದಳು.

"ನೋಯ್ತಿಲ್ಲ," ಎಂದ ಅವನು. ಅದನ್ನು ಹೇಳುವಾಗ ಅವನ ಕಣ್ಣು ತುಂಬಿತ್ತು.

ಭುಜ ಎಲ್ಲೂ ತಾಗದೆ ಅವನು ಸಂದಿನೊಳಗೆ ನಡೆದುಹೋದ. ಆಚೆ ತುದಿಯಲ್ಲಿ "ಆಯ್ತಾ?" ಎಂದಿತು ದನಿ. "ಆಯ್ತು," ಎಂದ. ಆಮೇಲೆ ಎರಡು ಜೊತೆ ಹೆಜ್ಜೆಗಳ ಸದ್ದು, ಆಮೇಲೆ ಅದೂ ಇಲ್ಲ. ಆ ದಿನದಿಂದ ಸೂಜಿ ಊಟದ ಹೊತ್ತಿನಲ್ಲಿ ಹಿಂಬಾಗಿಲಿನ ಚಿಲಕ ಹಾಕಲಿಲ್ಲ.

ಅಜ್ಜಿ ಇಲ್ಲಿಗೆ ನಿಲ್ಲಿಸಿ ದಾರ ಸುತ್ತತೊಡಗಿದರು. ಕೇಳುತ್ತಿದ್ದವರಲ್ಲಿ ಚಿಕ್ಕವಳಿಗೆ ತಡೆಯಲಾಗಲಿಲ್ಲ. "ಅಜ್ಜೀ, ಕಾಜ ಐದು, ಗುಂಡಿ ನಾಲ್ಕು. ಅಂದ್ರೆ ಕೆಲಸ ಮುಗಿದಿಲ್ಲ, ದಾರಿ ಇದ್ದೇ ಇದೆ! ಅವನು ನೋಡ್ಕೊಂಡ್ನಾ?"

"ನೀನೇ ಹೇಳು," ಎಂದರು ಅಜ್ಜಿ. "ಇಷ್ಟು ವರ್ಷದಿಂದ ಹುಡುಗರಿಗೆ ಹೊಲೀತಿದ್ದೀವಲ್ಲ. ಕೆಳಗಿನ ಗುಂಡಿ ಯಾವನಾದ್ರೂ ಹಾಕಿದ್ದು ನೋಡಿದ್ದೀಯಾ?"

ಒಬ್ಬಳು ನಕ್ಕಳು, ನಡುವೆಯೇ ನಿಲ್ಲಿಸಿದಳು. ಕರೆಂಟು ಬರುವ ಸೂಚನೆಯಿರಲಿಲ್ಲ. ಉಳಿದದ್ದನ್ನು ನಾಳೆ ಮುಗಿಸೋಣವೆಂದು ಅವರು ಎದ್ದರು, ಮಡಿಲ ದಾರದ ಚೂರುಗಳನ್ನು ಕೊಡವಿದರು, ಕತ್ತಲಲ್ಲಿ ತಂತಮ್ಮ ಚಪ್ಪಲಿಗಳನ್ನು ಕಾಲಿನಿಂದಲೇ ತಡವಿ ಮೆಟ್ಟಿಕೊಂಡರು, ಮನೆಗಳ ಕಡೆ ಹೊರಟರು.